ಆ ಬೇಸಿಗೆಯಲ್ಲಿ ಮಲಗಿದ್ದವಳು

ವಾಣಿಶ್ರೀಗೆ ಆ ವರ್ಷದ ಮಾವಿನ ಕಾಲವೆಲ್ಲ ಕೋಲಾರದ ಒಂದು ಗಲ್ಲಿಯ ಮನೆಯಲ್ಲಿ, ಮಂಚದ ಮೇಲೆ ಕಳೆಯಿತು. ಶ್ರೀನಿವಾಸಪುರದಲ್ಲಿ ಹುಟ್ಟಿ ಬೆಳೆದವಳು ಅವಳು. ಏಪ್ರಿಲ್ ಬಂತೆಂದರೆ ಉಟ್ಟ ಬಟ್ಟೆಗೂ ಹಣ್ಣಿನ ವಾಸನೆ ಹತ್ತುವ ಊರು ಅದು. ಇಲ್ಲಿ ಕಿಟಕಿಯಾಚೆ ಆಟೋ ಸದ್ದು, ಎದುರು ಮನೆಯ ಕುಕ್ಕರ್ ಕೂಗು, ಹೊತ್ತು ಹೊತ್ತಿಗೆ ಮಸೀದಿಯ ಬಾಂಗು.

ಒಂಬತ್ತು ವರ್ಷದಿಂದ ಬಸ್ ಕಂಡಕ್ಟರ್ ಆಗಿ ನಿಂತೇ ದುಡಿದವಳಿಗೆ ಮಲಗುವುದು ಗೊತ್ತಿರಲಿಲ್ಲ. ಗಂಡ ಕದಿರೇಶ್ ರಾಯಲ್ಪಾಡು ಕಡೆಯ ಹಳ್ಳಿಯವನು, ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಮದುವೆಯಾಗಿ ಆರು ವರ್ಷಕ್ಕೆ ಅವಳು ಬಸುರಾಗಿದ್ದಳು. ಆರು ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ನೋಡಿಕೊಂಡರೆ ರಕ್ತ. ನೋವಿಲ್ಲ, ಏನಿಲ್ಲ, ಸುಮ್ಮನೆ ರಕ್ತ. ಕದಿರೇಶ್ ಪಕ್ಕದ ಮನೆಯವರ ಕಾರಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆತಂದ. ಸ್ಕ್ಯಾನಿಂಗ್ ಆಯಿತು. ಡಾಕ್ಟರಮ್ಮ ಕಾಗದದ ಮೇಲೆ ಸೋರೆಬುರುಡೆಯಂತೆ ಒಂದು ಚಿತ್ರ ಬರೆದು ತೋರಿಸಿದರು.

"ಮಗುವಿಗೆ ಅನ್ನ, ಉಸಿರು ಎಲ್ಲ ಕೊಡೋದು ಮಾಸು. ಅದು ಮೇಲಿರ್ಬೇಕಾಗಿತ್ತು. ನಿಮಗೆ ಕೆಳಗೆ ಬಂದು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದೆ. ಭಾರ ಎತ್ತಬಾರ್ದು, ದೂರ ಓಡಾಡಬಾರ್ದು. ಮತ್ತೆ ರಕ್ತ ಬಂದ್ರೆ ಕಾಲು ಗಂಟೆಲಿ ಇಲ್ಲಿರ್ಬೇಕು. ನಿಮ್ಮ ಊರು ಎಷ್ಟು ದೂರ?"

"ಒಂದೂಕಾಲು ಗಂಟೆ ಮೇಡಮ್," ಎಂದ ಕದಿರೇಶ್.

"ಹಾಗಾದ್ರೆ ಊರಿಗೆ ಕಳಿಸೋಕಾಗಲ್ಲ. ಕೋಲಾರದಲ್ಲಿ ಯಾರಿದಾರೆ?"

ಯಾರೂ ಇರಲಿಲ್ಲ. ವಾಣಿಯ ಅಮ್ಮ ಶಾಮಲಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅತ್ತೆಗೆ ಮಂಡಿ ನೋವು, ನಾಲ್ಕು ಹಸು. ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ವಾಣಿಗೆ ಒಂದು ಹೆಸರು ನೆನಪಾಯಿತು. ಬಾನಮ್ಮ.

ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಬಾನಮ್ಮನ ಪೂರ್ತಿ ಹೆಸರು ಶಹರ್ ಬಾನು ಎಂದು ವಾಣಿಗೆ ಗೊತ್ತಾದದ್ದೇ ಹಿಂದಿನ ವರ್ಷ, ತನ್ನದೇ ಬಸ್ಸಿನಲ್ಲಿ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದ ವಯಸ್ಸಾದ ಹೆಂಗಸೊಬ್ಬಳು ಫ್ರೀ ಟಿಕೆಟ್ಟಿಗಾಗಿ ಆಧಾರ್ ಕಾರ್ಡ್ ಚಾಚಿದಳು. ಶಹರ್ ಬಾನು, ಗಂಡನ ಹೆಸರು ನಬೀ ಸಾಬ್. ವಾಣಿ ಕಾರ್ಡ್ ಹಿಡಿದುಕೊಂಡೇ ಅವಳ ಮುಖ ನೋಡಿದಳು. "ಶ್ರೀನಿವಾಸಪುರದಲ್ಲಿ ಮಾವಿನ ಪೆಟ್ಟಿಗೆ ಹೊಡೀತಿದ್ರಲ್ಲ, ಆ ನಬೀ ಸಾಬ್ರ ಮನೆಯವರಾ?" ಹೆಂಗಸು ಕಣ್ಣು ಕಿರಿದು ಮಾಡಿ ನೋಡಿ, "ಶಾಮಲಾ ಮಗಳಲ್ವೇನೇ ನೀನು!" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿ, ನಿಂತಲ್ಲೇ ಅವಳ ಕೆನ್ನೆ ಹಿಡಿದುಕೊಂಡಿದ್ದಳು. ಆಮೇಲೆ ಫೋನ್ ನಂಬರು, ಹಬ್ಬದ ದಿನ ಒಂದೊಂದು ಮಾತು, ಅಷ್ಟೇ.

ಈಗ ಫೋನ್ ಮಾಡಿದರೆ ಬಾನಮ್ಮ ಪೂರ್ತಿ ಕೇಳಲೇ ಇಲ್ಲ. "ಮಾಸು ಕೆಳಗಿದೆ ಅಂದ್ರಾ?" ಎಂದು ಕೇಳಿದಳು. "ಎಲ್ಲೂ ಹೋಗ್ಬೇಡ. ಇಮ್ರಾನ್‌ನ ಕಳಿಸ್ತೀನಿ."

ಇಮ್ರಾನ್ ಅವಳ ಮಗ, ಇಪ್ಪತ್ತನಾಲ್ಕು ವರ್ಷ, ಆಟೋ ಓಡಿಸುತ್ತಿದ್ದ. ನಬೀ ಸಾಬ್ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ ಮಗ ಇಬ್ಬರೇ. ಒಳಗಿನ ಕೋಣೆ ವಾಣಿಗೆ ಬಿಟ್ಟುಕೊಟ್ಟು ಇಮ್ರಾನ್ ಪಡಸಾಲೆಗೆ ಬಂದ. ಆಸ್ಪತ್ರೆಗೆ ಆಟೋದಲ್ಲಿ ಆರು ನಿಮಿಷ.

ಮನೆಯೊಳಗೆ ನಿಧಾನವಾಗಿ ಓಡಾಡಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಬಾನಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಚ್ಚಲಿಗೆ ಹೋಗುವಾಗಲೂ ತೋಳು ಹಿಡಿದೇ ಬರುವಳು. ಊಟ ಮಂಚಕ್ಕೆ, ನೀರು ಮಂಚಕ್ಕೆ. ಇವಳಿಗಾಗಿ ಹೊಸ ಪಾತ್ರೆ ತಂದು, ರಾಗಿ ಮುದ್ದೆ, ಬಸ್ಸಾರು, ಹುರುಳಿಕಾಳು ಎಂದು ಶಾಮಲಮ್ಮ ಮಾಡುತ್ತಿದ್ದ ಹಾಗೆಯೇ ಮಾಡುವಳು. "ನಿಮ್ಮಮ್ಮನ ಕೈ ನೋಡಿ ಕಲ್ತಿದ್ದು. ಉಪ್ಪು ಮಾತ್ರ ಅವಳ ಹಾಗೆ ಬೀಳಲ್ಲ ನಂಗೆ," ಎನ್ನುವಳು.

ಮಲಗಿ ಮಲಗಿ ವಾಣಿಗೆ ಹಳೆಯದೆಲ್ಲ ಮೇಲೆ ಬರತೊಡಗಿತು. ಶ್ರೀನಿವಾಸಪುರದ ಮಾವಿನ ಮಂಡಿ ಹಿಂದಿನ ಓಣಿ. ಒಂದೇ ಗೋಡೆಗೆ ಅಂಟಿದ ಎರಡು ಮನೆ. ನಬೀ ಸಾಬರು ಬಾಗಿಲಲ್ಲಿ ಕೂತು ಹಲಗೆಗೆ ಮೊಳೆ ಹೊಡೆಯುತ್ತಿದ್ದದ್ದು, ಬಾಯಿ ತುಂಬ ಮೊಳೆ ಇಟ್ಟುಕೊಂಡೇ ಮಾತಾಡುತ್ತಿದ್ದದ್ದು. ಅಮ್ಮ ಮಂಡಿಯಲ್ಲಿ ಹಣ್ಣು ಆರಿಸಿ, ಹುಲ್ಲು ಹಾಸಿ, ಪೆಟ್ಟಿಗೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಮಚ್ಚೆ ಬಿದ್ದ ಬಾದಾಮಿ, ಮಲ್ಲಿಕ ಎಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಸಾಯಂಕಾಲ ಬರುವಳು. ಮೊಣಕೈವರೆಗೆ ರಸ ಸುರಿಸಿಕೊಂಡು ತಿನ್ನಲು ವಾಣಿಯನ್ನು ಅಂಗಿ ಬಿಚ್ಚಿಸಿ ಕೂರಿಸುತ್ತಿದ್ದದ್ದು.

ಅದರಲ್ಲೂ ಒಂದು ಬೇಸಿಗೆ. ಆಗ ವಾಣಿಗೆ ಆರು ವರ್ಷ. ಅಂಥ ಬೇಸಿಗೆ ತನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ ಎಂದು ಅವಳು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. ಆ ಬೇಸಿಗೆ ಪೂರ್ತಿ ಬಾನಮ್ಮ ಮನೆಯಲ್ಲೇ ಇದ್ದಳು. ಹಗ್ಗದ ಮಂಚದ ಮೇಲೆ ಮಲಗಿ ವಾಣಿಗೆ ಕತೆ ಹೇಳುವಳು. ರಾಜನ ಏಳನೆಯ ಹೆಂಡತಿ, ಮಾತಾಡುವ ಗಿಣಿ, ಒಂಟೆ ಕದ್ದ ಕಳ್ಳ. ವಾಣಿ ಅವಳ ಜಡೆ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಆಡುವಳು. ಅಮ್ಮ ಎರಡೂ ಮನೆಗೆ ಅಡುಗೆ ಮಾಡುವಳು, ವಾಣಿ ಎರಡೂ ಮನೆಯಲ್ಲಿ ಉಣ್ಣುವಳು. ಅಮ್ಮನಿಗೂ ಬಾನಮ್ಮನಿಗೂ ತಮ್ಮತಮ್ಮಲ್ಲಿ ತೆಲುಗಿನ ಮಾತು. ಬಾನಮ್ಮ ಎದ್ದು ಕೂತರೆ ಸಾಕು, ಅಮ್ಮ ಆಚೆಯಿಂದಲೇ, "ಲೇವಕು ಬಾನು, ಪಂಡುಕೋ!" ಎಂದು ಗದರುವಳು. ಏಳಬೇಡ, ಮಲಗು. ವಾಣಿಗೂ ಅದು ಬಾಯಿಪಾಠವಾಗಿ, ತಾನೂ ಕೈ ಸೊಂಟದ ಮೇಲಿಟ್ಟು ಹಾಗೆಯೇ ಗದರುತ್ತಿದ್ದಳು.

"ನೆನಪಿದ್ಯಾ ಬಾನಮ್ಮ? ನಾನು ಬೈತಿದ್ರೆ ನೀನು ಹೆದರ್ಕೊಂಡೋಳ ಹಾಗೆ ಮುಸುಕು ಹಾಕ್ಕೊಳ್ತಿದ್ದೆ."

"ಹ್ಞೂಂ. ಮಾತ್ರೆ ತಗೊಂಡ್ಯಾ?"

ಆ ಬೇಸಿಗೆಯ ಮಾತು ಬಂದಾಗಲೆಲ್ಲ ಬಾನಮ್ಮನಿಗೆ ಒಲೆಯ ಮೇಲಿಟ್ಟದ್ದು ಏನೋ ನೆನಪಾಗುತ್ತಿತ್ತು. ಒಂದು ಮಧ್ಯಾಹ್ನ ಅವಳು ವಾಣಿಯ ತಲೆ ಬಾಚುತ್ತಿದ್ದಳು. ವಾಣಿ ಗೋಡೆ ನೋಡುತ್ತ ಹೇಳಿದಳು: "ಸ್ಕೂಲಿನ ಮೊದಲ್ನೇ ದಿನ ನೀನೇ ಜಡೆ ಹಾಕಿದ್ದು. ಅಮ್ಮ ಬೆಳಿಗ್ಗೇನೇ ಮಂಡಿಗೆ ಹೋಗಿದ್ಲು, ನಾನು ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತೆ. ನೀನು ಬಂದು ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಮಡಚಿ ಕಟ್ಟಿದೆ. ಅಷ್ಟು ಚೆಂದ ಅಮ್ಮನೂ ಹಾಕ್ತಿರಲಿಲ್ಲ."

ಬಾಚಣಿಗೆ ನಿಂತಿತು. ವಾಣಿ ತಿರುಗಿ ನೋಡುವಷ್ಟರಲ್ಲಿ ಬಾನಮ್ಮ ಎದ್ದು ಹೋಗಿದ್ದಳು.

ಆ ಮೊದಲ ದಿನ ಸ್ಕೂಲಿನಿಂದ ಬಂದಾಗ ಎರಡು ಮನೆಗೂ ಬೀಗ ಹಾಕಿದ್ದು ವಾಣಿಗೆ ನೆನಪಿತ್ತು. ಯಾರೋ ಅವಳಿಗೆ ಅನ್ನ ಹಾಕಿ ಮಲಗಿಸಿದ್ದರು. ಮತ್ತೆ ಬಾನಮ್ಮನನ್ನು ಕಂಡಾಗ ಅವಳು ಸೊರಗಿ ಕಡ್ಡಿಯಾಗಿದ್ದಳು, ಕತೆ ಹೇಳು ಎಂದರೆ ಗೋಡೆಗೆ ತಿರುಗಿಕೊಂಡಳು. ಸ್ವಲ್ಪ ದಿನಕ್ಕೆ ಸಾಮಾನೆಲ್ಲ ಟೆಂಪೋಗೆ ಹಾಕಿಕೊಂಡು ಅವರು ಕೋಲಾರಕ್ಕೆ ಹೊರಟುಹೋದರು. ಹೇಳದೆ ಹೋದಳೆಂದು ವಾಣಿ ಬಹಳ ದಿನ ಸಿಟ್ಟಿನಲ್ಲಿದ್ದಳು.

ಜೂನ್ ಮೊದಲ ವಾರ ಕದಿರೇಶ್ ಬಂದ. ಒಂದು ಚೀಲ ಮಾವು, ಮೂರು ಲೀಟರ್ ಹಾಲು ತಂದಿದ್ದ. ಒಳಗೆ ವಾಣಿ ಮಂಪರಿನಲ್ಲಿದ್ದಳು. ಪಡಸಾಲೆಯ ಮಾತು ಕೇಳಿಸುತ್ತಿತ್ತು.

"ಅಮ್ಮ, ಎರಡು ತಿಂಗಳಿಂದ ಏನೂ ಆಗಿಲ್ಲ. ಮನೇಲಿ ಸೀಮಂತ ಇಟ್ಕೊಳ್ಳೋಣ ಅಂತಿದಾರೆ. ಕಾರು ಮಾಡ್ತೀನಿ, ಮೆತ್ತಗೆ ಕರ್ಕೊಂಡ್ಹೋಗಿ ಸಾಯಂಕಾಲಕ್ಕೆ ಬಿಡ್ತೀನಿ. ಒಂದೇ ದಿನ."

"ಒಂದೇ ದಿನಾನಾ?" ಬಾನಮ್ಮನ ದನಿ ತಗ್ಗಿತು. "ಕೇಳಪ್ಪ ಕದಿರೇಶ್. ನಂಗೂ ಇದೇ ಆಗಿತ್ತು. ಮಾಸು ಕೆಳಗೆ. ಆಗ ಶ್ರೀನಿವಾಸಪುರದಲ್ಲಿ ಏನಿತ್ತು? ಕೋಲಾರದ ಡಾಕ್ಟ್ರು ಮಲಗೇ ಇರು ಅಂದ್ರು. ಮೂರು ತಿಂಗಳು ಮಲಗಿದ್ದೆ. ಇವಳಮ್ಮ ಕೂಲಿ ಮಾಡ್ಕೊಂಡು ಬಂದು ನನ್ನ ಬಟ್ಟೆ ಒಗೀತಿದ್ಲು. ಒಂದೇ ಒಂದು ದಿನ ಎದ್ದೆ. ಮಗುವೊಂದು ಅಳ್ತಿತ್ತು, ತಲೆ ಬಾಚೋಣ ಅಂತ. ಅರ್ಧ ಗಂಟೆ ನಿಂತಿದ್ದೆ, ಅಷ್ಟೇ. ಮಧ್ಯಾಹ್ನಕ್ಕೆ ಶುರುವಾಯ್ತು. ಮಾವಿನ ಲೋಡಿನ ಟೆಂಪೋದಲ್ಲಿ ಹಾಕ್ಕೊಂಡು ಬಂದ್ರು. ನಾನು ಉಳ್ಕೊಂಡೆ, ಗಂಡು ಮಗು ಹೋಯ್ತು. ಈ ಮಾತು ಅವಳ ಕಿವಿಗೆ ಬೀಳ್ಬಾರ್ದು, ನಿಂಗೆ ಕೈ ಮುಗೀತೀನಿ."

ವಾಣಿ ಕಣ್ಣು ಮುಚ್ಚಿಕೊಂಡೇ ಇದ್ದಳು. ತಾನು ಇಷ್ಟು ವರ್ಷ ಬೆಲ್ಲದಂತೆ ಚಪ್ಪರಿಸಿಕೊಂಡು ಬಂದ ಆ ಬೇಸಿಗೆ ಬಾನಮ್ಮನಿಗೆ ಏನಾಗಿತ್ತು ಎಂಬುದು ಈಗ ತಿಳಿಯಿತು. ಮಗ್ಗುಲಲ್ಲಿ ಕೂತವಳನ್ನು ತಾನು ಅದನ್ನೇ ದಿನಾ ಹೇಳಿ ಹೇಳಿ ನಗಿಸಲು ನೋಡಿದ್ದಳು. ಅಳುತ್ತಿದ್ದ ಮಗು ತಾನೇ. ಎದ್ದು ಹೋಗಿ ಅವಳ ಕಾಲು ಹಿಡಿಯಬೇಕೆನಿಸಿತು. ಎದ್ದರೆ ಬಾನಮ್ಮ ಹೆದರುತ್ತಾಳೆ. ಹಾಗೇ ಮಲಗಿ ದಿಂಬಿಗೆ ಮುಖ ಒತ್ತಿದಳು.

ಸೀಮಂತ ಆಗಲಿಲ್ಲ. ಮುಂದಿನ ದಿನಗಳಲ್ಲಿ ವಾಣಿ ಹಳೆಯದನ್ನು ಎತ್ತಲಿಲ್ಲ. ಬಾನಮ್ಮ ಹೇಳಿದಂತೆಲ್ಲ ಕೇಳಿದಳು. ಅದೇನು ಇದ್ದಕ್ಕಿದ್ದ ಹಾಗೆ ಇಷ್ಟು ಒಳ್ಳೆಯವಳಾದೆ ಎಂದು ಬಾನಮ್ಮನೇ ಕೇಳಿದಳು.

ಮೂವತ್ತೈದು ವಾರ ಮುಗಿದು ಎರಡು ದಿನ. ಊಟ ಮಾಡಿ ಎಡಮಗ್ಗುಲಾಗಿ ಮಲಗಿದ್ದಳು, ಬಾನಮ್ಮ ಕಾಲ ಬಳಿ ಕೂತು ನೆನೆಸಿದ ಒಣ ಅವರೆಕಾಳಿನ ಸಿಪ್ಪೆ ಚಿಲುಕಿ ತೆಗೆಯುತ್ತಿದ್ದಳು. ತೊಡೆಯ ಕೆಳಗೆ ಬೆಚ್ಚಗಾಯಿತು. ವಾಣಿ ಕೈಯಿಟ್ಟು ನೋಡಿದಳು. "ಬಾನಮ್ಮ," ಎಂದಳು, ಅಷ್ಟೇ.

ಕಾಳಿನ ಬಟ್ಟಲು ಉರುಳಿತು. ಬಾನಮ್ಮ ಕೂಗಲಿಲ್ಲ, ಅಳಲಿಲ್ಲ. ಇಮ್ರಾನ್‌ಗೆ ಫೋನ್ ಮಾಡಿದಳು, ದುಪ್ಪಟಿ ಸುತ್ತಿದಳು, ಸ್ಕ್ಯಾನಿಂಗ್ ಕಾಗದದ ಚೀಲ ಹೆಗಲಿಗೆ ಹಾಕಿಕೊಂಡಳು. ಇಮ್ರಾನ್ ಗಲ್ಲಿಯ ತುದಿಯಲ್ಲೇ ಇದ್ದ. ಆಟೋದಲ್ಲಿ ಬಾನಮ್ಮ ವಾಣಿಯ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು. ದುಪ್ಪಟಿ ಪೂರ್ತಿ ನೆನೆದು ಆಟೋದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ಎಲ್ಲ ಮೊದಲೇ ಬರೆದಿಟ್ಟಿದ್ದರಿಂದ ನೇರ ಆಪರೇಷನ್‌ಗೆ ಒಯ್ದರು. ನಾಲ್ಕು ಬಾಟಲಿ ರಕ್ತ ಬೇಕಾಯಿತು. ಇಮ್ರಾನ್ ಮೊದಲು ಕೊಟ್ಟ. ಸುದ್ದಿ ಡಿಪೋಗೆ ಮುಟ್ಟಿ, ವಾಣಿಯ ಬಸ್ಸಿನ ಡ್ರೈವರ್ ಮುನಿಕೃಷ್ಣಪ್ಪ ಡ್ಯೂಟಿ ಇಳಿದವನೇ ಖಾಕಿಯಲ್ಲೇ ಬಂದು ತೋಳು ಚಾಚಿದ. ಕದಿರೇಶ್ ಬಂದು ಮುಟ್ಟುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿ ಆಗಿತ್ತು. ಎರಡು ಕೆಜಿ ನೂರು ಗ್ರಾಂ. ಉಸಿರು ಸ್ವಲ್ಪ ಬಿಗಿ ಇದ್ದುದರಿಂದ ಅದನ್ನು ಎಳೆಮಕ್ಕಳ ಘಟಕದಲ್ಲಿ ಬೆಚ್ಚಗಿಟ್ಟರು. ವಾಣಿಗೆ ಪೂರ್ತಿ ಎಚ್ಚರ ಬಂದದ್ದು ಮಾರನೆಯ ದಿನ.

ಮೂರನೆಯ ದಿನ ರೌಂಡ್ಸ್‌ಗೆ ಡಾಕ್ಟರಮ್ಮ ಬಂದಾಗ ಬಾನಮ್ಮ ಪಕ್ಕದಲ್ಲೇ ಗಂಜಿಯ ಲೋಟ ಹಿಡಿದು ನಿಂತಿದ್ದಳು. ವಾಣಿ ಬೇಕೆಂದೇ ಕೇಳಿದಳು.

"ಮೇಡಮ್, ನಾನು ಮಲಗೇ ಇದ್ದೆ. ಏನೂ ಮಾಡ್ಲಿಲ್ಲ. ಮತ್ತೆ ಯಾಕೆ ರಕ್ತ ಬಂತು?"

"ಮಲಗಿದ್ರೂ ಬರುತ್ತಮ್ಮ. ಕೊನೇ ತಿಂಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗುತ್ತೆ. ಅಲ್ಲಿ ಅಂಟಿರೋ ಮಾಸು ಬಿಟ್ಕೊಳ್ಳುತ್ತೆ."

"ಒಂದರ್ಧ ಗಂಟೆ ಎದ್ದು ನಿಂತಿದ್ರೆ? ಯಾರದಾದ್ರೂ ತಲೆ ಬಾಚಿದ್ರೆ? ಅದಕ್ಕೆ ಬರುತ್ತಾ?"

ಡಾಕ್ಟರಮ್ಮ ನಕ್ಕರು. "ತಲೆ ಬಾಚಿದ್ದಕ್ಕೆಲ್ಲ ಬರಲ್ಲ. ಬರೋ ಹಾಗಿದ್ರೆ ಅವತ್ತು ಹೇಗಿದ್ರೂ ಬರ್ತಿತ್ತು. ಬೇಗ ಆಸ್ಪತ್ರೆ ಸೇರೋದಷ್ಟೇ ನಮ್ಮ ಕೈಲಿರೋದು." ಅವರು ಮುಂದಿನ ಮಂಚಕ್ಕೆ ಹೋದರು.

ಬಾನಮ್ಮ ಗಂಜಿಯ ಲೋಟ ಕೆಳಗಿಟ್ಟಳು.

"ಯಾರು ಹೇಳಿದ್ರು ನಿಂಗೆ?"

"ನೀನೇ. ಅವತ್ತು ಪಡಸಾಲೇಲಿ. ಕೂತ್ಕೋ ಬಾನಮ್ಮ."

ಅವಳು ಮಂಚದ ಅಂಚಿನಲ್ಲಿ ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ಇಪ್ಪತ್ತೇಳು ವರ್ಷದ ಅಳು, ಬೇಗ ಮುಗಿಯಲಿಲ್ಲ. ವಾಣಿಗೆ ಹೊಲಿಗೆ ಎಳೆಯುತ್ತಿತ್ತು, ಬಗ್ಗಲಾಗದೆ ಅವಳ ಮೊಣಕೈ ಹಿಡಿದುಕೊಂಡು ಮಲಗಿದ್ದಳು.

ಅಳು ನಿಂತ ಮೇಲೆ ವಾಣಿ ಕೇಳಿದಳು, "ಹೇಗಿತ್ತು ಮಗು?"

"ನಾನು ನೋಡ್ಲಿಲ್ಲ ಬೇಟಾ, ನಂಗೆ ಜ್ಞಾನ ಇರಲಿಲ್ಲ. ನಿಮ್ಮಮ್ಮ ಎತ್ಕೊಂಡಿದ್ಲು. ಮಣ್ಣಿಗೆ ಕೊಡೋವರೆಗೂ ಕೆಳಗಿಡಲಿಲ್ಲವಂತೆ. ಆಮೇಲೆ ನಂಗೆ ಬಂದು ಹೇಳಿದ್ಲು, ತಲೆ ತುಂಬ ಕೂದಲಿತ್ತು ಬಾನು, ಮೂಗು ಸಾಬರದ್ದೇ ಅಂತ. ಒಂದನ್ನೂ ಬಿಡದೆ ಹೇಳಿದ್ಲು. ಅದೇ ನಾನು ನೋಡಿದ್ದು."

ಅಮ್ಮ ಈ ವಿಷಯ ಸಾಯುವವರೆಗೂ ವಾಣಿಗೆ ಹೇಳಿರಲಿಲ್ಲ.

ಹನ್ನೊಂದನೆಯ ದಿನ ಮಗುವನ್ನು ಕೈಗೆ ಕೊಟ್ಟರು. ವೈದ್ಯರು ಇನ್ನೊಂದು ವಾರ ಹತ್ತಿರವೇ ಇರಿ ಎಂದದ್ದರಿಂದ ಮತ್ತೆ ಬಾನಮ್ಮನ ಮನೆಗೇ ಬಂದರು. ಕದಿರೇಶ್ ತಂದಿಟ್ಟಿದ್ದ ಹಣ್ಣಿನಲ್ಲಿ ಕೊನೆಯ ನಾಲ್ಕು ಉಳಿದು ಸುಕ್ಕುಗಟ್ಟಿದ್ದವು. ಬಾನಮ್ಮ ಒಂದನ್ನು ಹೋಳು ಮಾಡಿ ತಟ್ಟೆಯಲ್ಲಿಟ್ಟು, ಮಗುವನ್ನು ಕಾಲಮೇಲೆ ಹಾಕಿಕೊಂಡು, ಯಾರೂ ಕೇಳದೆಯೇ ತಾನಾಗಿ ಶುರುಮಾಡಿದಳು.

"ಆ ಬೇಸಿಗೇಲಿ ನಿಮ್ಮಮ್ಮ ಒಂದ್ಸಲ ಏನು ಮಾಡಿದ್ಲು ಗೊತ್ತಾ? ಮಂಡಿ ಸಾಹುಕಾರನ ಕಣ್ಣು ತಪ್ಸಿ, ಒಂದು ಪೂರ್ತಿ ಬುಟ್ಟಿ ಹಣ್ಣು ನನ್ನ ಮಂಚದ ಕೆಳಗೆ ತಂದಿಟ್ಲು. ಅವನು ಹುಡುಕ್ಕೊಂಡು ಬಂದ. ನಾನು ನರಳೋ ಹಾಗೆ ನಾಟಕ ಆಡ್ದೆ. ನೀನು ಬಾಗ್ಲಲ್ಲಿ ನಿಂತ್ಕೊಂಡು..."

"ಇದು ನಂಗೆ ನೆನಪೇ ಇಲ್ಲ," ಎಂದಳು ವಾಣಿ, ಹೋಳನ್ನು ಬಾಯಿಗಿಡುತ್ತ. "ಹೇಳು."