ಎದೆಗೆ ಹಾಕಿದ ಬ್ರೇಕು

ದೇವರು ಕೆಲವರನ್ನು ಎತ್ತರಕ್ಕೆಂದೇ ಹುಟ್ಟಿಸಿರುತ್ತಾನೆ. ಆ ಮನೆಯಲ್ಲಿ ಅಂಥವರು ಇಬ್ಬರು: ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದ ಅಪ್ಪ, ಅದೇ ಕ್ಯಾಬಿನ್ ಹತ್ತಿ ಕೂತ ಮಗಳು. ವಿಷಮ ಜ್ವರವೊಂದು ಮಗಳನ್ನು ಹಾಸಿಗೆ ಹಿಡಿಸಿತು. ಜ್ವರವೇನೋ ಬಿಟ್ಟಿತು. ಆದರೆ ಆಸ್ಪತ್ರೆಯ ಡಾಕ್ಟರಮ್ಮ ಒಪ್ಪಿದರೆ ಕ್ಯಾಬಿನ್, ಇಲ್ಲವಾದರೆ ಕಚೇರಿಯ ಕುರ್ಚಿ ಎಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಪರೀಕ್ಷೆಗಳೆಲ್ಲ ಹೂವೆತ್ತಿದಂತೆ ಮುಗಿದು ಕೊನೆಯದೊಂದು ಉಳಿಯಿತು. ಎದೆಗೆ ತಂತಿ ಅಂಟಿಸಿಕೊಂಡು ಹಾಯಾಗಿ ಉಸಿರಾಡುತ್ತ ಮಲಗಿದರಾಯಿತು. ಅಪ್ಪ ಮೂಲೆಯ ಸ್ಟೂಲಿನಲ್ಲಿ ಕೂತು ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದ. ಮಗಳೋ, ಮೈಯನ್ನು ಕೊರಡು ಮಾಡಿಕೊಂಡು ಉಸಿರನ್ನು ಗಂಟಲಲ್ಲೇ ಆಡಿಸಿದಳು. ಪರದೆಯ ಮೇಲೆ ಬಡಿತಗಳು ಅಚ್ಚು ಹೊಡೆದಂತೆ ಸಮನಾಗಿ ಸಾಗಿದವು. ಅವಳು ಗೆದ್ದವಳಂತೆ ನಕ್ಕಳು.

ಡಾಕ್ಟರಮ್ಮ ನಗಲಿಲ್ಲ. ಇಷ್ಟು ಸಮ ಒಳ್ಳೆಯದಲ್ಲವೆಂದರು. ಉಸಿರೆಳೆದಾಗ ಬಡಿತ ತುಸು ಚುರುಕಾಗಬೇಕು, ಬಿಟ್ಟಾಗ ನಿಧಾನವಾಗಬೇಕು. ಮೆದುಳಿನಿಂದ ಎದೆಗಿಳಿಯುವ ನರ ಹಾಗೆ ಹಿಡಿದು ಬಿಟ್ಟು ಮಾಡುತ್ತಿದ್ದರೆ ಮೈ ಚೇತರಿಸಿಕೊಳ್ಳುತ್ತಿದೆ ಎಂದು ಲೆಕ್ಕ. ಜ್ವರವೇ ಇನ್ನೂ ಬಿಗಿ ಹಿಡಿದಿದೆಯೋ, ನೀವೇ ಉಸಿರು ಬಿಗಿ ಹಿಡಿದಿದ್ದಿರೋ, ಇನ್ನೊಮ್ಮೆ ನೋಡೋಣ ಎಂದರು.

ಮಗಳ ಮುಖ ಬಾಡಿತು. "ಕ್ರೇನ್ ಮೇಲೆ ಕೂತಾಗ ಅಲ್ಲಾಡಬಾರದು ಅಂತ ತಾನೇ ಅಪ್ಪ ನೀನು ಕಲಿಸಿದ್ದು?"

"ಹಾಗೆ ಯಾವಾಗ ಹೇಳಿದೆ ತಾಯಿ? ಹೊರೆ ತೂಗಾಡಿದ್ರೆ ನೀನೇನು ಮಾಡ್ತೀಯ?"

"ಅದು ಹೋದ ಕಡೆಗೇ ಕ್ಯಾಬಿನ್ನೂ ಹಳಿ ಮೇಲೆ ಸ್ವಲ್ಪ ಸರಿಯೋಕೆ ಬಿಡ್ತೀನಿ."

"ಬ್ರೇಕ್ ಹಾಕಿದ್ರೆ?"

"ಇನ್ನೂ ಜಾಸ್ತಿ ತೂಗುತ್ತೆ."

"ಮತ್ತೆ ಎದೆಗೆ ಯಾಕಮ್ಮ ಬ್ರೇಕ್ ಹಾಕ್ಕೊಂಡು ಮಲಗಿದ್ದೀಯ?"

ಡಾಕ್ಟರಮ್ಮನೂ ನಕ್ಕುಬಿಟ್ಟರು. ಮಗಳು ಕಣ್ಣು ಮುಚ್ಚಿ, ಉಸಿರನ್ನು ಅದರ ಪಾಡಿಗೆ ಬಿಟ್ಟಳು. ಪರದೆಯಲ್ಲಿ ಬಡಿತಗಳು ಒಮ್ಮೆ ಒತ್ತೊತ್ತಾಗಿ, ಒಮ್ಮೆ ಬಿಡುಬಿಡಾಗಿ ಹರಿಯತೊಡಗಿದವು. ಮಿಕ್ಕ ಪರೀಕ್ಷೆಗಳ ಜೊತೆಗಿಟ್ಟು ನೋಡಿದ ಡಾಕ್ಟರಮ್ಮ, ಧಾರಾಳವಾಗಿ ಹತ್ತಬಹುದು ಎಂದರು.

ಮರುದಿನ ಅಪ್ಪ ಬಂದರಿನ ಗೇಟಿನ ಹೊರಗೆ ಕತ್ತೆತ್ತಿಕೊಂಡು ನಿಂತಿದ್ದ. ಮನೆಯಲ್ಲಿ ಕಾಲು ಚಾಚಿ ಮಲಗುವುದು ಬಿಟ್ಟು ಬಿಸಿಲಲ್ಲಿ ಇದೇನು ಕಾವಲು ಎಂದು ಗೇಟಿನವನು ಕೆಣಕಿದ.

"ಕಾವಲಲ್ಲಪ್ಪ, ಕಣ್ತುಂಬ ನೋಡ್ತಿದ್ದೀನಿ. ಮೇಲೆ ಕೂತಿರೋಳು ನನ್ನ ಮಗಳು."

ಆಮೇಲೆ ಬಂದ ಲಾರಿಯವರಿಗೆಲ್ಲ, ಅವರು ಕೇಳದಿದ್ದರೂ, ಅದನ್ನೇ ಹೇಳಿದ.