ಪಂಚಮಿ ಜೋಕಾಲಿ ಮತ್ತು ನನ್ನ ಸಹಿ

ಸ್ನೇಹಾ ಕೊಟ್ಟ ಅರ್ಜಿಯನ್ನು ನಾನು ನಾಲ್ಕು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಬೇಕಾದ ಅರ್ಜಿ ಅದು. 'ಮಾದರಿಯ ತತ್ವ ಸರಿಯಾಗಿದೆ' ಎಂಬ ಸಾಲಿನ ಕೆಳಗೆ ಮಾರ್ಗದರ್ಶಿ ಶಿಕ್ಷಕರ ಸಹಿ ಬೇಕಿತ್ತು. ಗದಗ ಕಡೆಯ ಹಿರೇಹಂದಿಗೋಳದಿಂದ ಇನ್ನಷ್ಟು ಒಳಗಿರುವ ಊರಿನ ಶಾಲೆಯಲ್ಲಿ ನಾನು ವಿಜ್ಞಾನದ ಅತಿಥಿ ಶಿಕ್ಷಕ. ಮೂರು ವರ್ಷವಾದರೂ ಇನ್ನೂ ಅತಿಥಿಯೇ. ಸ್ನೇಹಾ ಹತ್ತನೇ ತರಗತಿ, ಹಾಗಾಗಿ ಅವಳಿಗೆ ಇದು ಕೊನೆಯ ಅವಕಾಶ. ಹೋದ ವರ್ಷ ಅವಳ ಹೆಸರು ಕಳಿಸಲು ಮರೆತವನೂ ನಾನೇ.

ಅವಳ ಮಾದರಿ ಜೋಕಾಲಿ. ಅದರ ಬಗ್ಗೆ ಅವಳು ಬರೆದಿದ್ದಳು: 'ಹಿಂದಿನಿಂದ ಯಾರೂ ನೂಕದಿದ್ದರೂ, ಜೀಕುವವರು ಜೋಕಾಲಿಯನ್ನು ಬಿಟ್ಟ ಎತ್ತರಕ್ಕಿಂತ ಮೇಲೆ ಒಯ್ಯಬಲ್ಲರು.' ಓದಿದ ಕೂಡಲೇ ನನಗೆ ಕಸಿವಿಸಿಯಾಯಿತು. ಹಾಗೆ ಮೇಲೆ ಹೋಗಲು ಶಕ್ತಿ ಎಲ್ಲಿಂದ ಬಂತು? ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು ಎಂದು ನಾನೇ ಬರೆಸಿ, ಎಲ್ಲರ ವಹಿಯಲ್ಲೂ ಕೆಳಗೆ ಗೆರೆ ಎಳೆಸಿದ್ದೆ.

ನನ್ನ ಭೌತಶಾಸ್ತ್ರದ ಗುಟ್ಟು ಇಲ್ಲೇ ಹೇಳಿಬಿಡುತ್ತೇನೆ. ಹಗಲು ಗದಗಿನ ಒಂದು ಬೀಜದ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಓದಿದವನು ನಾನು. ಮುಂಡರಗಿ ಕಡೆಯ ನನ್ನೂರಿಗೆ ಕೊನೆಯ ಬಸ್ಸು ಎಂಟೂವರೆಗೆ, ಪಾಠ ಮುಗಿಯುತ್ತಿದ್ದುದು ಒಂಬತ್ತಕ್ಕೆ. ಹೀಗಾಗಿ ಪ್ರತಿ ನಿಯಮದ ಮುಕ್ಕಾಲು ಭಾಗ ನನಗೆ ಬಹಳ ಚೆನ್ನಾಗಿ ಗೊತ್ತು. ಗುರುಗಳು 'ಆದರೆ' ಎನ್ನುವ ಹೊತ್ತಿಗೆ ನಾನು ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದೆ.

ತಪ್ಪು ತತ್ವಕ್ಕೆ ಸಹಿ ಹಾಕಿದರೆ ತೀರ್ಪುಗಾರರು ನಗುವುದು ಹುಡುಗಿಯನ್ನಲ್ಲ, ನನ್ನನ್ನು. ಅರ್ಜಿ ಕೊಡಲು ನಾಗರ ಪಂಚಮಿಯ ಮರುದಿನವೇ ಕೊನೆಯ ದಿನ. ಪಂಚಮಿಯ ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳ ತಪ್ಪನ್ನು ಮೆಲ್ಲಗೆ ತೋರಿಸಿ, ಬೇರೆ ಏನಾದರೂ ಮಾಡಿಸಬೇಕೆಂಬ ಲೆಕ್ಕಾಚಾರ ನನ್ನದು.

ಮನೆ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ದಪ್ಪ ಹಗ್ಗ, ಅಗಲವಾದ ಹಲಗೆ. ಸುತ್ತ ಓಣಿಯ ಜನ ಸೇರಿದ್ದರು. ಅವಳ ಕಾಕಾ ಮಲ್ಲು ನನ್ನನ್ನು ನೋಡಿ ನಕ್ಕ.

"ಏನ್ರಿ ಸರ, ಹಬ್ಬದ ದಿನಾನೂ ಪಾಠಾನ? ಉಂಡಿ ತಿನ್ನಾಕರ ಬಿಡ್ರಿ ಹುಡುಗರನ್ನ."

ನಾನು ಒಂದು ಕುರ್ಚಿ, ಒಂದು ಚೀಲ ಜೋಳ ಕೇಳಿದೆ. ಚೀಲವನ್ನು ಹಲಗೆಗೆ ಬಿಗಿಸಿ, ಜೋಕಾಲಿಯ ಹಿಂದೆ ಕುರ್ಚಿ ಹಾಕಿ ಕುಳಿತು, ಹಲಗೆಯ ಅಂಚು ನನ್ನ ಮೂಗಿಗೆ ತಾಗುವವರೆಗೆ ಮಲ್ಲುವಿನಿಂದ ಹಿಂದಕ್ಕೆ ಎಳೆಸಿದೆ. "ಬಿಡು" ಎಂದೆ. ಜೋಕಾಲಿ ಆಚೆ ಹೋಗಿ, ತಿರುಗಿ ಬಂದು, ನನ್ನ ಮೂಗಿನಿಂದ ಎರಡು ಬೆರಳು ಆಚೆಗೇ ನಿಂತು ಹಿಂತಿರುಗಿತು. ಸರ್ ಕಣ್ಣು ಸಹ ಮಿಟುಕಿಸಲಿಲ್ಲ ಎಂದು ಜನ ಮಾತಾಡಿಕೊಂಡರು. ಕಣ್ಣು ಮೊದಲೇ ಮುಚ್ಚಿಕೊಂಡಿದ್ದೆ.

"ನೋಡಿದೆಲ್ಲ, ಬಿಟ್ಟಷ್ಟs ಎತ್ತರ. ಹೆಚ್ಚ ಬರಾಂಗಿಲ್ಲ" ಎಂದೆ.

"ಚೀಲ ಜೀಕೂದಿಲ್ಲಲ್ರಿ ಸರ" ಎಂದಳು ಸ್ನೇಹಾ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಜನ ಚಪ್ಪಾಳೆ ತಟ್ಟಿದ್ದರು, ನನಗೆ ಅದು ರೂಢಿಯಿಲ್ಲ. "ಚೀಲ ಆದ್ರೇನು, ಮನುಷ್ಯಾ ಆದ್ರೇನು, ನಿಯಮ ಒಂದs" ಎಂದುಬಿಟ್ಟೆ. ಸ್ನೇಹಾಳೇ ಹತ್ತಿದರೆ ಬೇಕೆಂದೇ ಜೀಕುತ್ತಾಳೆ ಎಂದು ಅನುಮಾನಿಸಿ, ಅರವತ್ತು ದಾಟಿದ ಅವಳ ಅಜ್ಜಿ ಸುಮಿತ್ರವ್ವನನ್ನು ಆರಿಸಿದೆ.

"ಯವ್ವಾ, ಹಗ್ಗ ಹಿಡಕೊಂಡು ಚೀಲದಂಗ ಸುಮ್ಮ ನಿಂದರಬೇಕು. ಜೀಕಬಾರದು."

"ನಾ ಯಾಕ ಜೀಕ್ಲೋ ತಮ್ಮಾ? ಮೊಣಕಾಲು ನನ್ನ ಮಾತು ಕೇಳೂದು ಬಿಟ್ಟು ಹತ್ತ ವರ್ಷಾತು."

ಮಲ್ಲು ಹಲಗೆಯನ್ನು ನನ್ನ ಮೂಗಿಗೆ ತಾಗಿಸಿ ಕೈ ಬಿಟ್ಟ. ಈ ಸಲ ಧೈರ್ಯದಿಂದ ಕಣ್ಣು ತೆರೆದೇ ಇದ್ದೆ. ಜೋಕಾಲಿ ಕೆಳಗಿಳಿದಾಗ ಸುಮಿತ್ರವ್ವನ ಬಗ್ಗಿದ್ದ ಮೊಣಕಾಲು ನೆಟ್ಟಗಾದವು. ಆಚೆ ತುದಿಯಲ್ಲಿ ಬಗ್ಗಿದವು. ತಿರುಗಿ ಬರುವಾಗ ಕೆಳಗೆ ಮತ್ತೆ ನೆಟ್ಟಗಾದವು. ಏನೋ ಸರಿಯಿಲ್ಲ ಎಂದು ನನಗೆ ಹೊಳೆಯಿತು. ಅದನ್ನು ಒಂದು ಸಮೀಕರಣವಾಗಿ ಬರೆಯಬಹುದೇ ಎಂದು ಯೋಚಿಸುತ್ತಿದ್ದಾಗ ಹಲಗೆ ಬಂತು.

ಆಮೇಲೆ ಕಂಡದ್ದು ಬೇವಿನ ಎಲೆಗಳು. ಕುರ್ಚಿ ನನ್ನ ಕೆಳಗೆ ಅಂಗಾತ ಬಿದ್ದಿತ್ತು.

"ಅಯ್ಯ ನನ್ನಪ್ಪಾ!" ಸುಮಿತ್ರವ್ವ ಜೋಕಾಲಿಯ ಮೇಲಿಂದಲೇ ಕೂಗಿದಳು. "ನಾ ಜೀಕಲಿಲ್ಲೋ! ಹಗ್ಗ ಹಿಡದ ಕೂಡ್ಲೆ ಕಾಲು ತಾವs ಜೀಕ್ಯಾವು!"

"ಸರ, ಶಕ್ತಿ ನಾಶ ಆಗಾಂಗಿಲ್ಲ ಅಂದದ್ದು ಖರೆ ಐತ್ರಿ" ಎಂದ ಮಲ್ಲು, ನನ್ನನ್ನು ಎಬ್ಬಿಸುತ್ತ. "ಪೂರಾ ನಿಮ್ಮ ಮೂಗಿನ್ಯಾಗ ಬಂದು ಕುಂತೈತಿ."

ಎಲ್ಲರೂ ನಕ್ಕರು. ಒದ್ದೆ ಬಟ್ಟೆ ತಂದ ಸ್ನೇಹಾ ಮಾತ್ರ ನಗಲಿಲ್ಲ. ಅವಳ ಕಣ್ಣು ನನ್ನ ಜೇಬಿನ ಮೇಲಿತ್ತು.

"ಸರ, ಇನ್ನ ಸಹಿ ಮಾಡೂದಿಲ್ಲೇನ್ರಿ?"

ಗೊತ್ತಿಲ್ಲದ್ದನ್ನು ವಿದ್ಯಾರ್ಥಿಯ ಬಳಿ ಕೇಳಬಾರದೆಂದು ಮೂರು ವರ್ಷ ಎಚ್ಚರದಿಂದಿದ್ದೆ. ಮೂಗು ಒಡೆದ ಮೇಲೆ ಇನ್ನು ಕಾಪಾಡಿಕೊಳ್ಳಲು ಏನೂ ಉಳಿದಿರಲಿಲ್ಲ.

"ಆ ಹೆಚ್ಚಿನ ಶಕ್ತಿ ಎಲ್ಲಿಂದ ಬಂತು ಹೇಳು. ನನಗ ತಿಳೀವಲ್ದು."

"ನಮ್ಮಜ್ಜಿ ಮುಂಜಾನೆ ಮೂರು ಶೇಂಗಾ ಉಂಡಿ ತಿಂದಾಳ್ರಿ" ಎಂದಳು. "ಉಂಡ್ಯಾಗಿಂದು ಕಾಲಿಗೆ, ಕಾಲಿಂದ ಜೋಕಾಲಿಗೆ. ಜೋಕಾಲಿ ಕೆಳಗ ಬಂದಾಗ ಎದ್ದು ನಿಂತ್ರ ಮೈಭಾರ ಮ್ಯಾಲೆತ್ತಿದಂಗ ಆತು. ಅದs ಕೆಲಸ. ಆ ಕೆಲಸ ಜೋಕಾಲಿಗೆ ಸೇರತೈತಿ. ಹೊಸಾ ಶಕ್ತಿ ಏನೂ ಹುಟ್ಟಿಲ್ರಿ. ಚೀಲ ಉಂಡೀನೂ ತಿನ್ನೂದಿಲ್ಲ, ಎದ್ದೂ ನಿಂದ್ರೂದಿಲ್ಲ."

"ಮೂರಲ್ಲ, ಎರಡ" ಎಂದಳು ಸುಮಿತ್ರವ್ವ.

ನಿಯಮ ನೆಟ್ಟಗೇ ಇತ್ತು. ಅಂಗಾತ ಬಿದ್ದವನು ನಾನೊಬ್ಬನೇ.

"ಇದನ್ನ ಮೊದಲs ಯಾಕ ಹೇಳಲಿಲ್ಲ ನೀ?"

ಅವಳು ಸಂಕೋಚದಿಂದ ನೆಲ ನೋಡಿದಳು. "ಅರ್ಜಿ ಹಿಂದಿನ ಪುಟದಾಗ ಬರದೇನಲ್ರಿ ಸರ. ಚಿತ್ರಾನೂ ತಗದೇನಿ."

ಜೇಬಿನಿಂದ ಅರ್ಜಿ ತೆಗೆದೆ. ನಾಲ್ಕು ದಿನ ಅದನ್ನು ನೂರು ಸಲ ಓದಿದ್ದೆ, ಒಮ್ಮೆಯೂ ತಿರುಗಿಸಿರಲಿಲ್ಲ. ಹಿಂದೆ ಮುದ್ದಾದ ಅಕ್ಷರಗಳು, ಬಾಣದ ಗುರುತುಗಳು, ಮೊಣಕಾಲು ಬಗ್ಗಿಸಿದ ಒಬ್ಬ ಮುದುಕಿಯ ಚಿತ್ರ. ಮಲ್ಲುವಿನ ಬೆನ್ನಿನ ಮೇಲಿಟ್ಟು ಸಹಿ ಹಾಕಿದೆ. ಅವಳ ಹೆಸರಿನ ಮೇಲೆ ಎಲ್ಲಿ ರಕ್ತ ಬಿತ್ತೋ ಎಂದು ಎರಡು ಸಲ ಪರೀಕ್ಷಿಸಿದೆ. ಬಿದ್ದಿರಲಿಲ್ಲ.

"ಪ್ರದರ್ಶನದಾಗ ಅವರು ಕೇಳಿದ್ರ ನೀನs ಹೇಳಬೇಕು" ಎಂದೆ.

"ನೀವೂ ಬರ್ತೀರಿ ಅಲ್ರಿ?"

"ಬರ್ತೀನಿ. ಜೋಕಾಲಿ ಹಿಂದ ನಿಂತಿರ್ತೀನಿ."

"ಹಿಂದ ಬ್ಯಾಡ್ರಿ ಸರ" ಎಂದ ಮಲ್ಲು, "ಬಾಜೂಕ ನಿಂದರ್ರಿ."