ತಂತಿ ಅಳಿಸಿದವರು

ಲಿಯೇಜ್ ಊರಿನ ಆ ಹಳೆಯ ಚಿತ್ರಮಂದಿರದಲ್ಲಿ ಒಂದು ರೂಢಿಯಿತ್ತು. ‘ಶುಕ್ರಗ್ರಹದ ಜಿಗಣೆಗಳು’ ಚಿತ್ರದಲ್ಲಿ ಹಾರುವ ತಟ್ಟೆಯ ನೆತ್ತಿಯ ಮೇಲೆ ಅದನ್ನು ತೂಗಿಸಿದ್ದ ತಂತಿ ಮಿಂಚಿದೊಡನೆ ಇಡೀ ಸಭೆ ‘ತಂತಿ’ ಎಂದು ಕೂಗಬೇಕು. ಕೂಗದವನು ಹೊರಗಿನವನು. ಗಿಸ್ಲೇನ್ ನಲವತ್ತು ವರ್ಷ ಕೂಗಿದ್ದಳು. ಆಸ್ಪತ್ರೆಯ ಬಟ್ಟೆ ಒಗೆದು ಕೈ ಸುಲಿಸಿಕೊಂಡು, ಶನಿವಾರ ಬಂತೆಂದರೆ ಪಿಶಾಚಿ, ರಕ್ತ, ರಟ್ಟಿನ ರಾಕೆಟ್ಟುಗಳ ಮುಂದೆ ಕೂರುತ್ತಿದ್ದ ಹೆಂಗಸು. ಆ ತಂತಿ ಅವಳಿಗೆ ಬರೀ ತಮಾಷೆಯಲ್ಲ. ಉಕ್ಕಿನ ಕಾರ್ಖಾನೆಯ ಮುಷ್ಕರದ ಕಾಲದಲ್ಲಿ ಈ ಚಿತ್ರದ ಚಿತ್ರೀಕರಣಕ್ಕೆ ಬಿಡಿ ಕೂಲಿಗೆ ಹೋಗಿ, ತೊಲೆಯ ಮೇಲೆ ಬೋರಲು ಮಲಗಿ ಅದನ್ನು ಎಳೆಯುತ್ತಿದ್ದವನು ಅವಳ ಅಪ್ಪ. ಚಿತ್ರದ ಹೆಸರುಪಟ್ಟಿಯಲ್ಲಿ ನಿರ್ಮಾಪಕನ ನಾಯಿಗೂ ಜಾಗವಿತ್ತು, ಅಪ್ಪನಿಗಿರಲಿಲ್ಲ.

ಉಳಿದಿದ್ದ ಒಂದೇ ಪ್ರತಿ, ಮಂದಿರದವರು ಎಸೆಯಹೊರಟಾಗ ಎತ್ತಿಟ್ಟುಕೊಂಡ ಆರು ಡಬ್ಬಿ ರೀಲು, ಅವಳ ಬಳಿಯಿತ್ತು. ರೀಲನ್ನು ಕಂಪ್ಯೂಟರಿಗೆ ನಕಲಿಸಿ ಚಿತ್ರವನ್ನು ಉದ್ಧಾರ ಮಾಡುತ್ತೇವೆಂದು ತೀಬೊ ಎಂಬ ಸಿನಿಮಾ ಪಂಡಿತ ಕೇಳಿದಾಗ ನಂಬಿ ಕೊಟ್ಟಿದ್ದಳು. ಆಮೇಲೆ ಡಬ್ಬಿಗಳನ್ನು ಅವನ ಸಿನಿಮಾ ಸಂಗ್ರಹಾಲಯಕ್ಕೆ ದಾನ ಕೊಡುವ ಮಾತೂ ಆಗಿತ್ತು; ಸಹಿಯೊಂದು ಬಾಕಿ.

ಉದ್ಧಾರವಾದ ಚಿತ್ರದ ಪ್ರದರ್ಶನ ಅದೇ ಹಳೆಯ ಮಂದಿರದಲ್ಲಿ, ಭಾನುವಾರ ಮಧ್ಯಾಹ್ನ. ಹಳೆಯ ಅಭಿಮಾನಿಗಳ ನಡುವೆ ದಪ್ಪ ಚೌಕಟ್ಟಿನ ಕನ್ನಡಕದವರು ತುಂಬಿದ್ದರು. ಕೆಟ್ಟ ಸಿನಿಮಾ ಪ್ರೀತಿಸಲು ಮೊದಲು ಒಂದು ಪ್ರಬಂಧ ಓದಿಕೊಂಡು ಬರುವ ಜಾತಿ ಅದು. ಗಿಸ್ಲೇನ್ ಪಕ್ಕದಲ್ಲಿ ಫಿರ್ಮ್ಯಾಂ, ಅಲ್ಲೇ ರೀಲು ಓಡಿಸಿ ನಿವೃತ್ತನಾದವನು.

“ಗಂಟಲು ಸರಿ ಮಾಡ್ಕೊ ಕಣೇ,” ಎಂದ. “ನಿಮ್ಮಪ್ಪ ಬರೋ ಹೊತ್ತಾಯ್ತು.”

ತಟ್ಟೆ ಬಂತು. ಆಕಾಶದಲ್ಲಿ ತಾನೇ ತಾನಾಗಿ, ತೊಳೆದ ಪಿಂಗಾಣಿಯಂತೆ ತೇಲಿತು. ತಂತಿ ಇಲ್ಲ. ತೆರೆದ ಬಾಯಿಗಳು ತೆರೆದಂತೆಯೇ ಉಳಿದವು. ಫಿರ್ಮ್ಯಾಂ ಒಬ್ಬನೇ ‘ತಂ’ ಎಂದು ಅರ್ಧಕ್ಕೆ ನುಂಗಿದ; ಹಿಂದಿನಿಂದ ಯಾರೋ ‘ಶ್’ ಎಂದರು.

ಮುಗಿದ ಮೇಲೆ ತೀಬೊ ವೇದಿಕೆ ಹತ್ತಿ, ಹನ್ನೊಂದು ತಿಂಗಳು ಕೂತು ಒಂದೊಂದೇ ಫ್ರೇಮಿನಿಂದ ದೋಷಗಳನ್ನು ಅಳಿಸಿದ್ದನ್ನು ವರ್ಣಿಸಿದ. ಚಪ್ಪಾಳೆ ಬಿತ್ತು. ಗಿಸ್ಲೇನ್ ಎದ್ದು, ತಂತಿ ದೋಷವೆಂದು ಯಾರು ಹೇಳಿದರು ಎಂದು ಕೇಳಿದಳು. ಅದನ್ನು ಕಂಡರೆ ಜನ ನಗುತ್ತಾರೆ ಎಂದು ಅವನು ವಿನಯದಿಂದ ವಿವರಿಸಿದ.

“ನಗೋಕೇ ಬರ್ತಿದ್ವಿ ಕಣಪ್ಪ. ಅದನ್ನ ಎಳೀತಿದ್ದೋನು ನಮ್ಮಪ್ಪ.”

ತೀಬೊ ಎದೆಯ ಮೇಲೆ ಕೈಯಿಟ್ಟುಕೊಂಡ. “ಎಂಥಾ ಹೃದಯಸ್ಪರ್ಶಿ ವಿಷಯ ಮೇಡಂ. ನಮ್ಮ ಪುಸ್ತಿಕೇಲಿ ಹಾಕ್ತೀವಿ. ‘ಅದೃಶ್ಯ ಶ್ರಮ’ ಅಂತ ಒಂದು ಅಧ್ಯಾಯನೇ ಇದೆ.”

“ಅದೃಶ್ಯ ಮಾಡಿದ್ದು ನೀನು,” ಎಂದಳು ಗಿಸ್ಲೇನ್. “ಅಲ್ಲೀವರೆಗೆ ಅವನು ಕಾಣ್ತಿದ್ದ.”

ದಾನಪತ್ರ ಬಂತು, ಪೆನ್ನೂ ಬಂತು. ಅವಳು ಡಬ್ಬಿಗಳನ್ನು ತರಲು ಹೇಳಿದಳು. ಮನೆಯಲ್ಲಿಟ್ಟರೆ ರೀಲು ಹತ್ತು ವರ್ಷವೂ ಬಾಳದು ಎಂದು ತೀಬೊ ನಿಜವಾದ ಸಂಕಟದಿಂದಲೇ ಎಚ್ಚರಿಸಿದ. ಹತ್ತು ವರ್ಷ ತನಗೆ ಧಾರಾಳವಾಯಿತು ಎಂದು ಅವಳು ಸಹಿ ಹಾಕದ ಪತ್ರವನ್ನು ಅವನ ಕೈಗೇ ಮಡಚಿಟ್ಟಳು.

ಮೂರು ಡಬ್ಬಿ ಅವಳು, ಮೂರು ಫಿರ್ಮ್ಯಾಂ. ಬಾಗಿಲ ಬಳಿ ನಿಂತು, ಮುಂದಿನ ಶನಿವಾರ ಬಟ್ಟೆ ಒಗೆಯುವವರ ಸಂಘದ ಕೋಣೆಯಲ್ಲಿ ಇದೇ ಚಿತ್ರ ತಂತಿಸಮೇತ ಇದೆ, ಫಿರ್ಮ್ಯಾಂ ತನ್ನ ಹಳೆಯ ಯಂತ್ರದಲ್ಲಿ ಓಡಿಸುತ್ತಾನೆ, ಬಾಯಿ ಇರುವವರು ಬನ್ನಿ ಎಂದು ಸಾರಿದಳು.

ಕನ್ನಡಕದವನೊಬ್ಬ ಆಸನ ಮೊದಲೇ ಕಾಯ್ದಿರಿಸಬೇಕೇ ಎಂದು ವಿಚಾರಿಸಿದ.

“ಬೆಂಚಿದೆ,” ಎಂದ ಫಿರ್ಮ್ಯಾಂ. “ಒರೆಸ್ಕೊಂಡು ಕೂತ್ಕೊಳಿ.”